ವರದಿಗಾರರು ಹೊಲಕ್ಕೆ ಬಂದಾಗ

ಮಳೆ ಕೈಕೊಟ್ಟರೂ, ಮಳೆ ಮಿತಿಮೀರಿದರೂ ನಮ್ಮ ಹಳ್ಳಿಗಳಿಗೆ ಮೊದಲು ಬರುವವರು ಪತ್ರಿಕೆಯವರು. ಸರ್ಕಾರದ ಸಮೀಕ್ಷೆಯವರು ಬರುವುದು ಆಮೇಲೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಕೆಲಸ ಮಾಡಿದ ನನಗೆ ಇದು ಕಂಡ ಮಾತು. ಹೊಲದ ಬದುವಿನಲ್ಲಿ ನಿಂತು ರೈತ ಆಡಿದ ನಾಲ್ಕು ಮಾತು ಮರುದಿನ ಅಧಿಕಾರಿಗಳ ಮೇಜಿನ ಮೇಲೂ ಇರುತ್ತದೆ, ಮಂಡಿ ವರ್ತಕರ ಕೈಯಲ್ಲೂ ಇರುತ್ತದೆ. ಹೀಗಿದ್ದರೂ ಬಿತ್ತನೆಗೆ ಮಾಡಿಕೊಳ್ಳುವ ಸಿದ್ಧತೆಯಲ್ಲಿ ಕಾಲು ಪಾಲನ್ನೂ ನಾವು ಈ ಮಾತಿಗೆ ಮಾಡಿಕೊಳ್ಳುವುದಿಲ್ಲ.

ಈ ವಿಷಯದಲ್ಲಿ ಹಳ್ಳಿಗಳಲ್ಲಿ ಎರಡು ಅಭಿಪ್ರಾಯಗಳಿವೆ. "ಪೇಪರಿನವರ ಸಹವಾಸವೇ ಬೇಡ, ಇಲ್ಲದ ತಾಪತ್ರಯ" ಎನ್ನುವವರು ಕೆಲವರು. "ಒಂದಕ್ಕೆ ಹತ್ತು ಸೇರಿಸಿ ಹೇಳದಿದ್ದರೆ ಸರ್ಕಾರದ ಕಿವಿಗೆ ಬೀಳುವುದಿಲ್ಲ" ಎನ್ನುವವರು ಇನ್ನು ಕೆಲವರು. ನನ್ನ ದೃಷ್ಟಿಯಲ್ಲಿ ಎರಡೂ ತಪ್ಪು. ಅಳೆದು ಹೇಳಿದ ಮಾತೇ ರೈತನ ಬಲ.

ಕೆಲವು ವರ್ಷಗಳ ಹಿಂದೆ ಹೊಳಲ್ಕೆರೆ ಕಡೆಯ ಒಂದು ಊರಿನಲ್ಲಿ ಮೆಕ್ಕೆಜೋಳ ಒಣಗಿತ್ತು. ವರದಿಗಾರರು ಬಂದಾಗ ಮೂರು ಎಕರೆಯ ರೈತರೊಬ್ಬರು, "ನಮ್ಮ ತಾಲ್ಲೂಕಿನಲ್ಲಿ ಯಾರಿಗೂ ಒಂದು ಕಾಳು ಸಿಗುವುದಿಲ್ಲ" ಎಂದುಬಿಟ್ಟರು. ಅದೇ ತಲೆಬರಹವಾಯಿತು. ವಾರದ ನಂತರ ಸಮೀಕ್ಷೆಗೆ ಹೋದಾಗ ಪಕ್ಕದ ಹೊಲದಲ್ಲಿ, ಕೊಳವೆ ಬಾವಿಯ ನೀರಿನಲ್ಲಿ, ಬೆಳೆ ಎದೆಯುದ್ದ ನಿಂತಿತ್ತು. ಬಂದವರು ಪತ್ರಿಕೆ ತೋರಿಸಿ ನಕ್ಕರು. ಆ ರೈತರ ನಷ್ಟ ನಿಜವಾದದ್ದೇ. ಆದರೆ ಅವರ ಮಾತನ್ನು ನಂಬಿಸಲು ನಾವು ಎರಡು ಸಲ ಹೊಲ ತೋರಿಸಬೇಕಾಯಿತು. ಒಂದು ಉತ್ಪ್ರೇಕ್ಷೆ ಹತ್ತು ನಿಜವನ್ನು ನುಂಗಿತು.

ಅಷ್ಟು ದೊಡ್ಡದಾಗಿ ಹೇಳುವ ಅಗತ್ಯವೂ ಇರಲಿಲ್ಲ. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ಮಾರ್ಗಸೂಚಿಯ ಪ್ರಕಾರ ಬೆಳೆ ನಷ್ಟ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಕಿತ್ತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ಅಂದರೆ ಎಕರೆಗೆ ಸುಮಾರು 3,400 ರೂ., ಗರಿಷ್ಠ ಎರಡು ಹೆಕ್ಟೇರಿಗೆ ಎಂದಿತ್ತು. ಶೇಕಡಾ 60 ಹೋಗಿದ್ದರೆ 60 ಎಂದೇ ಹೇಳಿ. ನೂರು ಎಂದು ಹೇಳಿದರೆ ಹೆಚ್ಚಿಗೆ ಬರುವುದು ಅನುಮಾನ ಮಾತ್ರ. ಬರ ಘೋಷಣೆಗೂ ಮಳೆಯ ಕೊರತೆ, ಬಿತ್ತನೆಯಾದ ಪ್ರದೇಶ, ಮಣ್ಣಿನ ತೇವ, ಉಪಗ್ರಹ ಚಿತ್ರ ಇವನ್ನು ನೋಡಿ ಹಳ್ಳಿಗಳಲ್ಲಿ ಹೊಲ ಪರಿಶೀಲನೆ ಮಾಡುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದದ್ದೂ ಇಂಥ ಲೆಕ್ಕದ ಮೇಲೆಯೇ. ನಿಮ್ಮ ಮಾತು ಆ ಲೆಕ್ಕಕ್ಕೆ ಸಾಕ್ಷಿಯಾಗಬೇಕೇ ಹೊರತು ಅದರೊಡನೆ ಜಗಳವಾಡಬಾರದು.

ಇನ್ನೊಂದು ಎಚ್ಚರಿಕೆ. ಪತ್ರಿಕೆಯಲ್ಲಿ ಬಂದ ಸುದ್ದಿ ಅರ್ಜಿಯಲ್ಲ. ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ನಮ್ಮ ಇಲಾಖೆಗೆ ತಿಳಿಸಬೇಕು. "ಫೋಟೋ ಹಿಡಿದುಕೊಂಡು ಹೋದರಲ್ಲ" ಎಂದು ನಂಬಿ ಕುಳಿತು ಅವಧಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಮೊದಲು ಅರ್ಜಿ, ಆಮೇಲೆ ಸುದ್ದಿ.

ಹಾಗಾದರೆ ಏನು ಹೇಳಬೇಕು? ಪಹಣಿಯಲ್ಲಿರುವ ವಿಸ್ತೀರ್ಣ, ಬಿತ್ತಿದ ದಿನ, ತಳಿ, ಬೀಜ ಗೊಬ್ಬರ ಕೂಲಿಯ ಖರ್ಚು, ಮಳೆ ಬಾರದ ದಿನಗಳು, ಹೋದ ವರ್ಷದ ಇಳುವರಿ, ಈ ವರ್ಷದ ಅಂದಾಜು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈರುಳ್ಳಿ ಬೆಳೆದವರು "ನೂರು ಪಾಕೆಟ್ ಹೋಯಿತು" ಎಂದರೆ ಸಾಲದು. ಪಾಕೆಟ್ ಎಷ್ಟು ಕಿಲೋದ್ದು ಎಂದೂ ಹೇಳಿ. ಮನೆಯ ಹೆಣ್ಣುಮಕ್ಕಳನ್ನೂ ಮಾತಿಗೆ ಕರೆಯಿರಿ. ಕಳೆ ತೆಗೆದ ಆಳು ಎಷ್ಟು, ಕೂಲಿ ಎಷ್ಟು ಎಂಬ ಲೆಕ್ಕ ಅನೇಕ ಮನೆಗಳಲ್ಲಿ ಅವರಿಗೇ ಸರಿಯಾಗಿ ಗೊತ್ತು.

ವರದಿಗಾರರ ಕಷ್ಟವನ್ನೂ ತಿಳಿದಿರಬೇಕು. ಅವರು ಒಂದೇ ದಿನ ಹಲವು ಊರು ಸುತ್ತಿ ಸಂಜೆಯೊಳಗೆ ಸುದ್ದಿ ಕಳುಹಿಸಬೇಕು. ಅದನ್ನು ಕತ್ತರಿಸಿ ತಲೆಬರಹ ಕೊಡುವವರು ಕಚೇರಿಯಲ್ಲಿರುತ್ತಾರೆ. ಅರ್ಧ ಗಂಟೆ ಮಾತನಾಡಿದರೆ ಎರಡು ಸಾಲು ಉಳಿದೀತು. ಆದ್ದರಿಂದ ಮುಖ್ಯವಾದ ಒಂದು ಮಾತನ್ನು ಮೊದಲೇ ಹೇಳಿ. ಕೊನೆಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿ. ಅಂಕಿಗಳನ್ನು ಅವರು ಬರೆದುಕೊಂಡದ್ದನ್ನು ಓದಿಸಿ ಕೇಳಿ. "ಇದನ್ನು ಬರೆಯಬೇಡಿ ಸ್ವಾಮಿ" ಎಂದು ಹೇಳಬೇಕಾದ ಮಾತನ್ನು ಆಡಲೇಬೇಡಿ.

ಕಂಡದ್ದು ಬೇರೆ, ಕೇಳಿದ್ದು ಬೇರೆ. 2022ರ ಸೆಪ್ಟೆಂಬರಿನಲ್ಲಿ ವಾಣಿ ವಿಲಾಸ ಸಾಗರ 130 ಅಡಿ ತುಂಬಿ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು ನಿಮಗೆ ನೆನಪಿರಬಹುದು. ಹಿರಿಯೂರಿನಲ್ಲಿ ಹಬ್ಬದ ಸಂಭ್ರಮ. ಹೊಸದುರ್ಗದ ಹಿನ್ನೀರಿನ ಅಂಚಿನ ತೋಟದವರಿಗೆ ಮುಳುಗಡೆಯ ಚಿಂತೆ. ನೀರು ಒಂದೇ, ಎರಡು ಕಡೆಯ ಮಾತೂ ನಿಜ. ತನ್ನ ತೋಟದಲ್ಲಿ ಎಷ್ಟು ಗಿಡ ನೀರಿನಲ್ಲಿ ನಿಂತಿದೆ ಎಂದು ಎಣಿಸಿ ಹೇಳಿದವನ ಮಾತಿಗೆ ಬೆಲೆಯುಂಟು. ಇಡೀ ತಾಲ್ಲೂಕಿನ ಪರವಾಗಿ ಮಾತನಾಡುವ ಹೊರೆ ನಿಮಗೆ ಬೇಡ. ಗೊತ್ತಿಲ್ಲದ್ದನ್ನು "ನನಗೆ ಗೊತ್ತಿಲ್ಲ" ಎನ್ನುವುದರಲ್ಲಿ ಅವಮಾನವಿಲ್ಲ.

ಯಾರನ್ನಾದರೂ ದೂರುವಾಗ ಇನ್ನೂ ಜಾಗ್ರತೆ ಬೇಕು. ಬೀಜ ಮೊಳೆಯಲಿಲ್ಲವೆಂದು ಅಂಗಡಿಯ ಹೆಸರು ಹೇಳುವ ಮೊದಲು ಬಿಲ್ಲು, ಚೀಲ, ಅದರ ಮೇಲಿನ ಚೀಟಿ, ಉಳಿದ ಹಿಡಿ ಬೀಜ ಇವೆಯೇ ನೋಡಿ. ಇದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಡಿ, ಆ ಪ್ರತಿಯನ್ನು ಪತ್ರಿಕೆಯವರಿಗೂ ತೋರಿಸಿ. ಇಲ್ಲದಿದ್ದರೆ ದೂರು ನಿಮ್ಮ ಮೇಲೆಯೇ ತಿರುಗೀತು. ಹಾಗೆಯೇ "ಊರಿನ ಈರುಳ್ಳಿಯೆಲ್ಲ ಕೊಳೆತಿದೆ" ಎಂದು ಹೇಳಿದರೆ ನಿಮ್ಮ ನೆರೆಯವನ ಒಳ್ಳೆಯ ಮಾಲಿಗೂ ಮಂಡಿಯಲ್ಲಿ ಬೆಲೆ ಇಳಿಸಿ ಕೇಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇಷ್ಟಾದರೂ ತಪ್ಪು ಅಚ್ಚಾದರೆ? ವರದಿಗಾರರೊಡನೆ ಬೀದಿಯಲ್ಲಿ ಜಗಳ ಬೇಡ. ಯಾವ ದಿನ, ಯಾವ ಪುಟ, ಏನು ತಪ್ಪು, ಯಾವುದು ಸರಿ ಎಂದು ಸಂಪಾದಕರಿಗೆ ಕಾಗದ ಬರೆಯಿರಿ. ಒಳ್ಳೆಯ ಪತ್ರಿಕೆ ತಿದ್ದುಪಡಿ ಹಾಕುತ್ತದೆ. ಹಾಕದಿದ್ದರೆ 1978ರ ಕಾಯಿದೆಯ ಪ್ರಕಾರ ರಚನೆಯಾದ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಅಲ್ಲಿಯೂ ಮೊದಲು ಕೇಳುವುದು, ಸಂಪಾದಕರಿಗೆ ಬರೆದಿರಾ ಎಂದೇ.

ಕೊನೆಯದಾಗಿ ಒಂದು ಮಾತು. ನಮ್ಮಂಥ ನೌಕರರು ಇಲಾಖೆಯ ವಿಷಯವಾಗಿ ಪತ್ರಿಕೆಯವರೊಡನೆ ಮಾತನಾಡಲು ನಡತೆ ನಿಯಮಗಳ ಕಟ್ಟು ಇದೆ. ವರ್ತಕರಿಗೆ ವ್ಯಾಪಾರದ ಕಟ್ಟು. ಹೊಲದ ಸ್ಥಿತಿಯನ್ನು ಇದ್ದ ಹಾಗೆ ಹೇಳಬಲ್ಲವನು ರೈತ ಒಬ್ಬನೇ. ಅವನು ಸುಮ್ಮನಾದರೆ ಬೇರೆಯವರು ಅವನ ಪರವಾಗಿ ಮಾತನಾಡುತ್ತಾರೆ. ಅವನು ಹೆಚ್ಚಿಸಿ ಹೇಳಿದರೆ ಮುಂದಿನ ಸಲ ಯಾರೂ ಕೇಳುವುದಿಲ್ಲ. ಇಂದು ಸಂಜೆ ವಾಚನಾಲಯದಲ್ಲಿ ಸೇರಿದಾಗ ನಿಮ್ಮ ನಿಮ್ಮ ಹೊಲದ ಲೆಕ್ಕವನ್ನು ಒಂದೊಂದು ಚೀಟಿಯಲ್ಲಿ ಬರೆದು ನೋಡಿ. ವರದಿಗಾರರು ಬರಲಿ ಬಿಡಲಿ, ಆ ಚೀಟಿ ನಿಮಗೇ ಉಪಯೋಗಕ್ಕೆ ಬರುತ್ತದೆ.