ತುಂಬಿದ ಬಸ್ಸಿನ ವಿಜ್ಞಾನ

ಮಕ್ಕಳೇ, ಚಂದ್ರಾ ಲೇಔಟಿನ ಬಸ್ಸು ಬೆಳಿಗ್ಗೆ ಕಿಕ್ಕಿರಿದಿದ್ದರೆ ಯಾರೂ ಅಲ್ಲಾಡಲಾಗದು. ಕೆಲವರು ಇಳಿದರೆ ಸರಿಯಲು ಜಾಗ! ಲ್ಯಾಂಥನಂ, ಮ್ಯಾಂಗನೀಸ್, ಆಮ್ಲಜನಕ ಸೇರಿದ ಒಂದು ವಸ್ತುವಿನಲ್ಲೂ ಎಲೆಕ್ಟ್ರಾನುಗಳು ಹೀಗೇ ಸಿಕ್ಕಿಕೊಂಡಿರುತ್ತವೆ. ವಿದ್ಯುತ್ ಸರಾಗವಾಗಿ ಹರಿಯದು. ಬಹಳ ತಣ್ಣಗಾದಾಗ, ಚಿರೋಟಿಯಂಥ ಅದರ ಪದರಗಳಲ್ಲಿ ಒಂದರ ಪುಟಾಣಿ ಕಾಂತಗಳು ಮೇಲೆ ನೋಡಿದರೆ ಪಕ್ಕದ ಪದರದವು ಕೆಳಗೆ!

ಹತ್ತು ಲ್ಯಾಂಥನಂ ಪರಮಾಣುಗಳಲ್ಲಿ ಮೂರನ್ನು ತೆಗೆದು ಸ್ಟ್ರಾನ್ಷಿಯಂ ಇಡಿ. ಒಂದಷ್ಟು ಎಲೆಕ್ಟ್ರಾನುಗಳು ಕಡಿಮೆಯಾಗುತ್ತವೆ. ಕರೆಂಟು ಹರಿಯುತ್ತದೆ, ಕಾಂತಗಳೆಲ್ಲ ಒಂದೇ ಕಡೆ ತಿರುಗುತ್ತವೆ.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತರತ್ನ ಸಿ.ಎನ್.ಆರ್. ರಾವ್ ಇಂಥ ವಸ್ತುಗಳನ್ನು ನಮ್ಮೂರಿನಲ್ಲೇ ಅಧ್ಯಯನ ಮಾಡಿದರು.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳನ್ನು ಕೇಳಿ: ಹತ್ತಕ್ಕೆ ಹತ್ತನ್ನೂ ಬದಲಿಸಿದರೆ?

ಉತ್ತರ: ಬಸ್ಸೇ ಖಾಲಿ! ಓಡಾಡುವವರಿಲ್ಲ, ಕರೆಂಟೂ ಇಲ್ಲ. ಉಪ್ಪಿನಂತೆ, ಹದವಾಗಿದ್ದರೇ ಚೆನ್ನ.