ಹೂಬಳ್ಳಿಯ ಬಸಿಯೂ ಮನೆಯ ಚಿತ್ರಶಾಲೆಯೂ

ಚಿತ್ರ ಬರೆಯಿರೆಂದು ಹೇಳಿದೊಡನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಬರೆಯುವ ಚಿತ್ರ ಒಂದೇ. ಎರಡು ಬೆಟ್ಟಗಳು, ಅವುಗಳ ನಡುವೆ ಉದಯಿಸುವ ಸೂರ್ಯ, ಬೆಟ್ಟದಿಂದ ಇಳಿದು ಬರುವ ನದಿ, ದಡದಲ್ಲೊಂದು ಗುಡಿಸಲು, ಪಕ್ಕದಲ್ಲೊಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕಾರು ಹಕ್ಕಿಗಳು. ಮುಂಬಯಿಯ ಚಾಳಿನಲ್ಲಿ ಹುಟ್ಟಿ ಬೆಳೆದು, ಕಿಟಕಿಯಿಂದ ಎದುರು ಮನೆಯ ಗೋಡೆಯನ್ನಲ್ಲದೆ ಬೇರೇನನ್ನೂ ಕಾಣದ ಬಾಲಕನೂ ಇದನ್ನೇ ಬರೆಯುತ್ತಾನೆ. ಅವನು ಇದನ್ನು ಕಣ್ಣಿನಿಂದ ಕಲಿತವನಲ್ಲ; ಪಕ್ಕದ ಬೆಂಚಿನವನ ಹಾಳೆಯಿಂದ ಕಲಿತವನು. “ಏಕಪ್ಪಾ, ನಿನ್ನ ಮನೆಯಲ್ಲಿರುವ ಯಾವುದನ್ನಾದರೂ ಬರೆಯಬಾರದೆ?” ಎಂದು ಕೇಳಿದರೆ, “ನಮ್ಮ ಮನೆಯಲ್ಲಿ ಚಿತ್ರ ಬರೆಯುವಂಥದ್ದು ಏನೂ ಇಲ್ಲ, ಸರ್” ಎಂಬ ಉತ್ತರ ಬರುತ್ತದೆ. ಈ ಉತ್ತರ ಸರಿಯಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಏಕೆ ಸರಿಯಲ್ಲವೆಂಬುದನ್ನು ವಿದ್ಯಾರ್ಥಿಮಿತ್ರರ ಮುಂದೆ ನಿವೇದಿಸುವುದಕ್ಕಾಗಿಯೇ ಈ ಲೇಖನ.

ಪ್ರತಿಯೊಂದು ಮನೆಯ ಅಡುಗೆಯ ಕಪಾಟಿನಲ್ಲಿಯೂ ಚಿತ್ರಕ್ಕೆ ಯೋಗ್ಯವಾದ ವಸ್ತುಗಳಿವೆ. ಅಂಚಿನಲ್ಲಿ ನೀಲಿ ಬಳ್ಳಿ ಹರಿದಿರುವ ಪಿಂಗಾಣಿಯ ಕಪ್ಪು-ಬಸಿ. ಗುಲಾಬಿಯ ಗೊಂಚಲನ್ನು ಹೊತ್ತ ಮೆಲಮೈನ್ ತಟ್ಟೆ. ಅಲ್ಲಲ್ಲಿ ಬಿಳುಪು ಹಾರಿ ಒಳಗಿನ ಕಬ್ಬಿಣ ಇಣುಕುವ ಎನಾಮಲ್ ಬಟ್ಟಲು. ಸುತ್ತಿಗೆಯ ಪೆಟ್ಟಿನಿಂದಲೇ ಮೈತುಂಬ ಚಿತ್ತಾರ ಪಡೆದ ಹಿತ್ತಾಳೆಯ ಚೊಂಬು. ಮದುವೆಯ ಉಡುಗೊರೆಯಾಗಿ ಬಂದು, ಕೊಟ್ಟವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿಕೊಂಡ ಸ್ಟೀಲ್ ಡಬ್ಬಿ. ಇವುಗಳಲ್ಲಿ ಒಂದನ್ನು ತೆಗೆದು ಕಿಟಕಿಯ ಬಳಿ ಒಂದು ಮಣೆಯ ಮೇಲಿಟ್ಟರೆ ಅಲ್ಲಿಗೆ ಚಿತ್ರಶಾಲೆ ಸಿದ್ಧವಾಯಿತು.

ಇಂತಹ ನಿಶ್ಚಲ ವಸ್ತುಗಳ ಚಿತ್ರಗಳನ್ನು ಇಂಗ್ಲಿಷಿನಲ್ಲಿ ‘ಸ್ಟಿಲ್ ಲೈಫ್’ ಎನ್ನುವರು; ನಾವು ವಸ್ತುಚಿತ್ರ ಎನ್ನೋಣ. ಒಂದು ಕಾಲದಲ್ಲಿ ಇದಕ್ಕೆ ಗೌರವವಿರಲಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಅರಸರ ಆಶ್ರಯದಲ್ಲಿದ್ದ ಚಿತ್ರಕಲಾ ಅಕಾಡೆಮಿಯು ಚಿತ್ರದ ವಿಷಯಗಳಿಗೂ ಜಾತಿಭೇದವನ್ನು ಕಲ್ಪಿಸಿತ್ತು. ಪುರಾಣ ಮತ್ತು ಇತಿಹಾಸದ ಚಿತ್ರಗಳಿಗೆ ಅಗ್ರಸ್ಥಾನ; ಪಾತ್ರೆ-ಹಣ್ಣುಗಳ ಚಿತ್ರಗಳಿಗೆ ಕೊನೆಯ ಪಂಕ್ತಿ. ಆದರೆ ಅದೇ ಅಕಾಡೆಮಿಯು 1728ರಲ್ಲಿ ಶಾರ್ದೆನ್ ಎಂಬ ಚಿತ್ರಕಾರನನ್ನು ಒಳಗೆ ಕರೆದುಕೊಳ್ಳಬೇಕಾಯಿತು. ಪ್ಯಾರಿಸ್ ನಗರದಲ್ಲಿಯೇ ಬಹುತೇಕ ಜೀವಮಾನವನ್ನು ಕಳೆದ ಈತ (1699–1779) ತಾಮ್ರದ ಪಾತ್ರೆ, ಮಣ್ಣಿನ ಮಡಕೆ, ಹಣ್ಣು, ಈರುಳ್ಳಿ ಇವುಗಳನ್ನೇ ಮತ್ತೆ ಮತ್ತೆ ಬರೆದನು. ಸುಮಾರು 1761ರಲ್ಲಿ ಬರೆದ ಒಂದು ಚಿತ್ರದಲ್ಲಿರುವುದು ಒಂದು ಗಾಜಿನ ಲೋಟ ನೀರು, ಒಂದು ಕಾಫಿಯ ಪಾತ್ರೆ, ಕೆಲವು ಬೆಳ್ಳುಳ್ಳಿ ಗಡ್ಡೆಗಳು. ಅಗ್ರಪಂಕ್ತಿಯಲ್ಲಿ ಕುಳಿತ ಎಷ್ಟೋ ರಾಜಮಹಾರಾಜರ ಚಿತ್ರಗಳು ಇಂದು ಮರೆತುಹೋಗಿವೆ. ಆ ಬೆಳ್ಳುಳ್ಳಿ ಉಳಿದಿದೆ.

ಚಿತ್ತಾರದ ಪಾತ್ರೆಗಳ ಕಥೆಯಂತೂ ಇನ್ನೂ ಸ್ವಾರಸ್ಯವಾದದ್ದು. ಕೋಬಾಲ್ಟ್ ಎಂಬ ಲೋಹದ ಬಣ್ಣದಿಂದ ಹಸಿಯ ಪಾತ್ರೆಯ ಮೇಲೆ ಹೂಬಳ್ಳಿ ಬರೆದು, ಮೇಲೆ ಗಾಜಿನಂಥ ಲೇಪ ಕೊಟ್ಟು, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಸುಡುವ ವಿದ್ಯೆಯನ್ನು ಚೀನೀಯರು ಪೂರ್ಣವಾಗಿ ಸಾಧಿಸಿದ್ದರು. 1603ರಲ್ಲಿ ಡಚ್ಚರು ಸಿಂಗಪುರದ ಬಳಿ ಒಂದು ಪೋರ್ಚುಗೀಸ್ ಹಡಗನ್ನು ಸೆರೆಹಿಡಿದು, ಅದರಲ್ಲಿದ್ದ ಅಪಾರ ಪಿಂಗಾಣಿಯನ್ನು ಆಮ್‌ಸ್ಟರ್‌ಡ್ಯಾಮಿಗೆ ಒಯ್ದು ಹರಾಜು ಹಾಕಿದರು. ಅನಂತರ ಆ ದೇಶದವರಿಗೆ ಈ ನೀಲಿ-ಬಿಳಿ ಪಾತ್ರೆಗಳ ಹುಚ್ಚು ಹಿಡಿಯಿತು. ಡೆಲ್ಫ್ಟ್ ಪಟ್ಟಣದ ಕುಂಬಾರರು ತಮ್ಮ ಮಣ್ಣಿಗೆ ತವರದ ಬಿಳಿ ಲೇಪ ಕೊಟ್ಟು ಅದರ ಅನುಕರಣೆ ಮಾಡಿದರು. ಚಿತ್ರಕಾರರು ಅದರ ಚಿತ್ರ ಬರೆದರು. ವಿಲೆಮ್ ಕಾಲ್ಫ್ ಎಂಬಾತ 1669ರಲ್ಲಿ ಬರೆದ ಒಂದು ಚೀನೀ ಜಾಡಿಯ ಚಿತ್ರ ಇಂದಿಗೂ ಪ್ರಸಿದ್ಧವಾಗಿದೆ. ಹೀಗೆ ಅನಾಮಧೇಯನಾದ ಒಬ್ಬ ಚೀನೀ ಕುಶಲಕರ್ಮಿಯ ಬಳ್ಳಿಯು ಡಚ್ ಚಿತ್ರಕಾರನ ಕೈಯಲ್ಲಿ ಮತ್ತೊಮ್ಮೆ ಚಿಗುರಿತು. ಚಿತ್ತಾರದ ಬಸಿಯನ್ನು ಬರೆಯುವವನು ಒಬ್ಬನೇ ಬರೆಯುತ್ತಿಲ್ಲವೆಂಬುದನ್ನು ನಾವು ನೆನಪಿಡಬೇಕು. ಆ ಬಸಿಯ ಮೇಲೆ ಮೊದಲು ಬೇರೊಬ್ಬರ ಕೈ ಆಡಿದೆ. ನಮ್ಮ ಮನೆಗಳ ಪಿಂಗಾಣಿಯಲ್ಲಿ ಎಷ್ಟೋ ಉತ್ತರ ಪ್ರದೇಶದ ಖುರ್ಜಾದಿಂದ ಬಂದದ್ದು. ಅಲ್ಲಿಯೂ ಕುಂಚ ಹಿಡಿದು ಹೂವು ಬರೆಯುವ ಕೈಗಳಿವೆ.

“ಅವರಿಗೆಲ್ಲ ದೊಡ್ಡ ಚಿತ್ರಶಾಲೆಗಳಿದ್ದವು, ನಮಗೆಲ್ಲಿವೆ?” ಎಂದು ಕೇಳುವವರುಂಟು. ಅವರಿಗೆ ಇಟಲಿಯ ಮೊರಾಂದಿಯ (1890–1964) ಉದಾಹರಣೆಯನ್ನು ಕೊಡಬಹುದು. ಬೊಲೋನ್ಯ ನಗರದಲ್ಲಿ ತನ್ನ ಮೂವರು ಸೋದರಿಯರೊಂದಿಗೆ ವಾಸಿಸುತ್ತಿದ್ದ ಈತನಿಗೆ ಮಲಗುವ ಕೋಣೆಯೇ ಚಿತ್ರಶಾಲೆಯಾಗಿತ್ತು. ಕೆಲವು ಸೀಸೆ, ಬಟ್ಟಲು, ಹೂಜಿಗಳನ್ನು ಮೇಜಿನ ಮೇಲೆ ಸ್ವಲ್ಪ ಅತ್ತ, ಸ್ವಲ್ಪ ಇತ್ತ ಸರಿಸಿ, ದಶಕಗಳ ಕಾಲ ಅವುಗಳನ್ನೇ ಚಿಕ್ಕ ಚಿಕ್ಕ ಹಲಗೆಗಳ ಅಳತೆಯಲ್ಲಿ ಬರೆದನು. ಆತನ ದೇಶದ ಹೊರಗೂ ಆತನಿಗೆ ಕೀರ್ತಿ ಬಂದುದು ಈ ಸೀಸೆಗಳಿಂದಲೇ. ಒಂದೇ ಖೋಲಿಯಲ್ಲಿ ಐದಾರು ಮಂದಿ ವಾಸಿಸುವ ನಮ್ಮ ಮನೆಗಳಿಗೆ ಆತನ ಕೋಣೆಯೂ ವಿಶಾಲವೆಂದೇ ತೋರೀತು. ಆದರೂ ಒಂದು ಮಣೆ, ಒಂದು ಕಿಟಕಿ, ಒಂದು ಗಂಟೆ—ಇಷ್ಟು ಸ್ಥಳಾವಕಾಶ ಮತ್ತು ಕಾಲಾವಕಾಶ ಎಲ್ಲರಿಗೂ ದೊರೆಯಬಹುದು.

ಇನ್ನು ಬರೆಯುವ ಕ್ರಮ. ಹಾಳೆ ಚಿಕ್ಕದಿರಲಿ, ಅಂಚೆಯ ಕಾರ್ಡಿನಷ್ಟಿದ್ದರೆ ಸಾಕು. ದೊಡ್ಡ ಹಾಳೆಯನ್ನು ತುಂಬುವಷ್ಟರಲ್ಲಿ ಬೆಳಕು ಬದಲಾಗುತ್ತದೆ, ಉತ್ಸಾಹವೂ ಇಳಿಯುತ್ತದೆ. ಇಷ್ಟೇ ಅಲ್ಲದೆ, ಚಹದ ವೇಳೆಗೆ ಕಪ್ಪು-ಬಸಿಗಳು ಅಡುಗೆಮನೆಗೆ ಹಿಂದಿರುಗಲೇಬೇಕು. ಈ ವಿಷಯದಲ್ಲಿ ತಾಯಂದಿರು ಯಾವ ಕಲೆಗೂ ರಿಯಾಯಿತಿ ತೋರಿಸುವುದಿಲ್ಲ. ಬೆಳಕು ಒಂದೇ ಕಡೆಯಿಂದ ಬೀಳುವಂತಿರಬೇಕು. ಹಳೆಯ ರಟ್ಟಿನ ಪೆಟ್ಟಿಗೆಯ ಒಂದು ಬದಿಯನ್ನೂ ಮುಂಭಾಗವನ್ನೂ ಕತ್ತರಿಸಿ ತೆಗೆದು, ಅದರೊಳಗೆ ಬಸಿಯನ್ನಿಟ್ಟರೆ ಬೇರೆ ಬೆಳಕುಗಳ ಕಾಟ ತಪ್ಪುತ್ತದೆ. ಮುಂಬಯಿಯ ಮಳೆಗಾಲದ ಮೋಡದ ಬೆಳಕು ಬಿಳಿಯ ಪಿಂಗಾಣಿಗೆ ಬಹಳ ಹಿತವಾದದ್ದು. ಆ ಬೆಳಕಿನಲ್ಲಿ ನೆರಳುಗಳು ಮೃದುವಾಗಿ ಹರಡುತ್ತವೆ, ಬೇಗನೆ ಸ್ಥಳ ಬಿಟ್ಟು ಕದಲುವುದಿಲ್ಲ.

ಬರೆಯಲು ಕುಳಿತೊಡನೆ ಮೊದಲ ಪಾಠ ಆರಂಭವಾಗುತ್ತದೆ. ಬಸಿ ದುಂಡಗಿದೆಯೆಂದು ನಾವು ಬಲ್ಲೆವು. ಆದರೆ ಮಣೆಯ ಮೇಲಿಟ್ಟು ಎದುರಿಗೆ ಕುಳಿತು ನೋಡಿದರೆ ಕಣ್ಣಿಗೆ ಕಾಣುವುದು ಗಣಿತದ ಪುಸ್ತಕದ ದೀರ್ಘವೃತ್ತ. ತಲೆಯನ್ನು ತಗ್ಗಿಸಿದಂತೆಲ್ಲ ಅದು ಕಿರಿದಾಗುತ್ತ ಹೋಗಿ, ಅಂಚು ಕಣ್ಣಿನ ಮಟ್ಟಕ್ಕೆ ಬಂದಾಗ ಬರಿಯ ಗೆರೆಯಾಗಿ ಉಳಿಯುತ್ತದೆ. ಅಂಚಿನ ಸುತ್ತ ಸಮಾನ ದೂರದಲ್ಲಿ ಹೂಗಳಿವೆಯೆಂದು ನಾವು ಬಲ್ಲೆವು. ಆದರೆ ಎದುರಿನ ಮತ್ತು ಹಿಂಬದಿಯ ಹೂಗಳು ಗಿಡ್ಡಗೆ ಅಗಲವಾಗಿಯೂ, ಎಡಬಲದ ಹೂಗಳು ಒತ್ತೊತ್ತಾಗಿಯೂ ಕಾಣುತ್ತವೆ. ಕಪ್ಪಿನ ಹೊಟ್ಟೆಯ ಮೇಲಿನ ಗುಲಾಬಿ ನಡುವಿನಲ್ಲಿ ಪೂರ್ಣವಾಗಿ ಅರಳಿದ್ದರೆ, ಬದಿಗೆ ಸರಿದದ್ದು ಸಣ್ಣಗಾಗಿ, ತಿರುವಿನಲ್ಲಿ ಅರ್ಧ ಮರೆಯಾಗುತ್ತದೆ. ಹೂಗಳನ್ನು ಒಂದೇ ಸಮನಾಗಿ ಬರೆದುಬಿಟ್ಟರೆ ಬಸಿ ಹಾಳೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ಆದುದರಿಂದ ಮೊದಲು ಪಾತ್ರೆಯ ಆಕಾರ, ಆಮೇಲೆ ಬೆಳಕು-ನೆರಳು, ಕಟ್ಟಕಡೆಗೆ ಚಿತ್ತಾರ—ಇದು ಕ್ರಮ.

ಎರಡನೆಯ ಪಾಠ ಬಣ್ಣದ್ದು. ಪಿಂಗಾಣಿ ಬಿಳಿಯೆಂದು ನಾವು ಬಲ್ಲೆವು. ಆದರೆ ಕಿಟಕಿಯ ಕಡೆಯ ಬಿಳುಪಿನಲ್ಲಿ ಆಕಾಶದ ನೀಲಿಯ ಛಾಯೆಯಿದೆ. ದೀಪದ ಕಡೆ ತಿರುಗಿಸಿದರೆ ಅದೇ ಬಿಳುಪು ಹಳದಿಗೆ ತಿರುಗುತ್ತದೆ. ಪಕ್ಕದಲ್ಲೊಂದು ಟೊಮೇಟೊ ಇಟ್ಟರೆ ಅದರ ಕೆಂಪು ಬಸಿಯ ಮೈಗೆ ಸೋಂಕುತ್ತದೆ. ನೆರಳಿನೊಳಗೆ ಹೋದ ನೀಲಿ ಬಳ್ಳಿ ಬೆಳಕಿನಲ್ಲಿರುವ ಬಳ್ಳಿಗಿಂತ ಗಾಢವಾಗಿರುತ್ತದೆ. ಇದಕ್ಕಿಂತ ವಿಚಿತ್ರವೆಂದರೆ, ಹೊಳಪು ಬಿದ್ದ ಕಡೆಯಲ್ಲಿ ಬಳ್ಳಿ ಕಾಣುವುದೇ ಇಲ್ಲ. ಬಳ್ಳಿ ಅಲ್ಲಿದೆಯೆಂದು ನಮ್ಮ ಬುದ್ಧಿ ಹಟ ಮಾಡುತ್ತದೆ. ಕಾಣುತ್ತಿಲ್ಲವೆಂದು ಕಣ್ಣು ಹೇಳುತ್ತದೆ. ಈ ವಾದದಲ್ಲಿ ಕಣ್ಣಿನ ಪಕ್ಷ ವಹಿಸಿ, ಅಷ್ಟು ಹಾಳೆಯನ್ನು ಬಣ್ಣ ಸೋಕಿಸದೆ ಬಿಡುವವನು ಚಿತ್ರಕಲೆಯ ಮುಖ್ಯ ಮೆಟ್ಟಲನ್ನು ಏರಿದಂತೆಯೇ. ಕೇಳಿದ್ದನ್ನು, ಊಹಿಸಿದ್ದನ್ನು, ಎಲ್ಲರೂ ಹೇಳುವುದನ್ನು ಬದಿಗಿಟ್ಟು ಕಂಡದ್ದನ್ನು ಕಂಡಷ್ಟೇ ಹೇಳುವ ಅಭ್ಯಾಸ ಚಿತ್ರಕಾರನಿಗೆ ಮಾತ್ರ ಬೇಕಾದದ್ದಲ್ಲ. ವೈದ್ಯನಿಗೂ ವಿಜ್ಞಾನಿಗೂ ಪತ್ರಿಕಾಕರ್ತನಿಗೂ ಸಾಕ್ಷಿ ಹೇಳಲು ನಿಂತ ಸಾಮಾನ್ಯ ಪ್ರಜೆಗೂ ಅದು ಬೇಕು.

“ಕೈಯಲ್ಲಿ ಮೊಬೈಲ್ ಇರುವಾಗ ಇಷ್ಟು ಕಷ್ಟವೇಕೆ? ಒಂದು ಫೋಟೊ ತೆಗೆದು ಅದನ್ನು ನೋಡಿ ಬರೆದರಾಯಿತು” ಎಂದು ಕೆಲವರು ಹೇಳುವರು. ಫೋಟೊ ಕಲೆಗೆ ಅದರದೇ ಆದ ಸ್ಥಾನವಿದೆ. ನಾವು ಅದರ ವಿರೋಧಿಗಳಲ್ಲ. ಆದರೆ ಕಲಿಯುವವನಿಗೆ ಫೋಟೊ ನೋಡಿ ಬರೆಯುವುದರಿಂದ ಲಾಭ ಕಡಿಮೆ. ದುಂಡಾದದ್ದನ್ನು ಚಪ್ಪಟೆಯ ಹಾಳೆಗೆ ಇಳಿಸುವ ಕಷ್ಟದ ಕೆಲಸವನ್ನು ಯಂತ್ರವೇ ಆಗಲೇ ಮಾಡಿ ಮುಗಿಸಿರುತ್ತದೆ; ನಮ್ಮ ಪಾಲಿಗೆ ಉಳಿಯುವುದು ನಕಲು. ಲೆಕ್ಕದ ಪುಸ್ತಕದ ಕೊನೆಯಲ್ಲಿರುವ ಉತ್ತರವನ್ನು ನೋಡಿ ಬರೆದವನಿಗೆ ಲೆಕ್ಕ ಬಂದಂತಾಗುವುದೆ?

“ಇದರಿಂದ ಹೊಟ್ಟೆ ತುಂಬುವುದೆ?” ಎಂಬುದು ಹಿರಿಯರ ಪ್ರಶ್ನೆ. ದುಡಿದು ಮಕ್ಕಳನ್ನು ಓದಿಸುವವರು ಹಾಗೆ ಕೇಳುವುದು ತಪ್ಪಲ್ಲ. ಬಸಿಯ ಚಿತ್ರ ಬರೆದವರೆಲ್ಲ ಚಿತ್ರಕಾರರಾಗುವರೆಂದು ನಾವು ಆಸೆ ತೋರಿಸುವುದಿಲ್ಲ. ಮಹಾರಾಷ್ಟ್ರ ಸರಕಾರವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಲ್ಲಿ ಇಂತಹ ವಸ್ತುಚಿತ್ರಕ್ಕೆ ಸ್ಥಾನವಿದೆಯೆಂಬುದನ್ನು ಮಾತ್ರ ಅವರಿಗೆ ತಿಳಿಸುತ್ತೇವೆ. ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911–1996) ಇದೇ ಮುಂಬಯಿಗೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ದೇಶದ ಅಗ್ರಗಣ್ಯ ಚಿತ್ರಕಾರರಲ್ಲಿ ಒಬ್ಬರಾದುದನ್ನೂ ನೆನಪಿಸುತ್ತೇವೆ. ಆದರೆ ನಮ್ಮ ವಾದದ ತಿರುಳು ಅಂಕಗಳಲ್ಲಿಯೂ ಇಲ್ಲ, ಕೀರ್ತಿಯಲ್ಲಿಯೂ ಇಲ್ಲ.

ಅದು ಇರುವುದು ಆ ಮೊದಲಿನ ಉತ್ತರದಲ್ಲಿ. “ನಮ್ಮ ಮನೆಯಲ್ಲಿ ಏನೂ ಇಲ್ಲ” ಎಂಬುದು ಬಡತನದ ಮಾತಾಗಿದ್ದರೆ ನಾವು ಅಷ್ಟು ಚಿಂತಿಸುತ್ತಿರಲಿಲ್ಲ. ಅದು ನಾಚಿಕೆಯ ಮಾತು. ನಮ್ಮ ಮಕ್ಕಳು ಹೊಸ್ತಿಲು ದಾಟಿದೊಡನೆ ಮರಾಠಿ, ಹಿಂದಿ, ಇಂಗ್ಲಿಷುಗಳ ಲೋಕಕ್ಕೆ ಇಳಿಯುತ್ತಾರೆ. ಆ ಭಾಷೆಗಳನ್ನು ಅವರು ಚೆನ್ನಾಗಿ ಕಲಿಯಲಿ. ಅನ್ನ ಕೊಡುವ ಊರಿನ ಮಾತನ್ನು ಗೌರವಿಸಬೇಕಾದದ್ದೇ. ಆದರೆ ನೋಡತಕ್ಕದ್ದೆಲ್ಲ ಹೊರಗಿದೆ, ಒಳಗೆ ಬರಿಯ ಹಳೆಯ ಪಾತ್ರೆಗಳಿವೆ ಎಂಬ ಭಾವನೆ ಒಮ್ಮೆ ಬೇರೂರಿದರೆ ಅದು ಪಾತ್ರೆಗಳಿಗಷ್ಟೇ ನಿಲ್ಲುವುದಿಲ್ಲ. ತನ್ನ ಮನೆಯಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂದು ಒಪ್ಪಿಕೊಂಡವನಿಗೆ, ತನ್ನ ಮನೆಯ ಮಾತಿನಲ್ಲಿ ಕೇಳತಕ್ಕದ್ದು ಏನೂ ಇಲ್ಲವೆಂದು ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಗುವುದಿಲ್ಲ. ಅಜ್ಜಿ ಊರಿನಿಂದ ತಂದ ಬಟ್ಟಲನ್ನು ಒಂದು ಗಂಟೆ ಏಕಾಗ್ರತೆಯಿಂದ ನೋಡಿ ಬರೆದ ಮಗು, ಅದು ಎಲ್ಲಿಯದು, ಯಾರು ಕೊಟ್ಟದ್ದು ಎಂದು ಒಮ್ಮೆಯಾದರೂ ಕೇಳುತ್ತದೆ. ಅಜ್ಜಿ ಉತ್ತರ ಹೇಳುವುದು ಕನ್ನಡದಲ್ಲಿ.

ಆದುದರಿಂದ ನಮ್ಮ ಸೂಚನೆಗಳು ಮೂರು. ಪರೀಕ್ಷೆ ಸಮೀಪಿಸಿದೊಡನೆ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ದಾನ ಮಾಡುವ ಪದ್ಧತಿಯನ್ನು ಶಾಲೆಗಳು ಬಿಡಬೇಕು. ತಿಂಗಳಿಗೊಮ್ಮೆಯಾದರೂ ಮಕ್ಕಳು ಮನೆಯಿಂದ ತಂದ ಪಾತ್ರೆಯನ್ನೇ ಎದುರಿಗಿಟ್ಟು ಬರೆಸಬೇಕು. ತಾಯಿತಂದೆಯರು ವಾರಕ್ಕೊಂದು ಗಂಟೆ ಕಿಟಕಿಯ ಬಳಿಯ ಜಾಗವನ್ನೂ ಒಂದು ಬಸಿಯನ್ನೂ ಮಗುವಿಗೆ ಬಿಟ್ಟುಕೊಡಬೇಕು. ಬಸಿ ಒಡೆಯುವ ಭಯವಿದ್ದರೆ ಅಂಚು ಹಾರಿದ್ದನ್ನೇ ಕೊಡಲಿ, ಚಿತ್ರಕ್ಕೆ ಅದು ಇನ್ನೂ ಒಳ್ಳೆಯದು. ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಕಾರ್ಡಿನ ಅಳತೆಯ ಹತ್ತು ಚಿತ್ರಗಳನ್ನು ಬರೆದು, ಪ್ರತಿಯೊಂದರ ಹಿಂದೆ ಆ ಪಾತ್ರೆ ಮನೆಗೆ ಬಂದ ಬಗೆಯನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಬೆಟ್ಟ-ಸೂರ್ಯರಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು, ಆ ಚಿತ್ರಗಳಿಗೆ ಕೆಲವು ಪುಟಗಳನ್ನು ಮೀಸಲಿಡಬೇಕೆಂದು ಸಂಪಾದಕ ಮಂಡಲಿಯನ್ನು ನಾವು ಈಗಲೇ ಕೇಳಿಕೊಳ್ಳುತ್ತೇವೆ.