ಎರಡು ರೂಪಕಗಳು ಮತ್ತು ಒಂದು ಅತ್ತಿಹಣ್ಣು

‘ಬಲ್ಲಿದರ ಉಳಿವು’ ಎಂಬರ್ಥದ ಮಾತನ್ನು ನಮ್ಮ ಸಾಹಿತ್ಯವಿಮರ್ಶೆ ಇಂದಿಗೂ ಡಾರ್ವಿನ್ನನ ತಲೆಗೆ ಕಟ್ಟುತ್ತದೆ. ‘ಯೋಗ್ಯತಮದ ಉಳಿವು’ ಎಂಬ ನುಡಿಯನ್ನು 1864ರಲ್ಲಿ ಟಂಕಿಸಿದವನು ಹರ್ಬರ್ಟ್ ಸ್ಪೆನ್ಸರ್. 1859ರಲ್ಲಿ ಪ್ರಕಟವಾದ ‘ಜೀವಜಾತಿಗಳ ಉಗಮ’ಕ್ಕೆ ಡಾರ್ವಿನ್ ಅದನ್ನು ಸೇರಿಸಿಕೊಂಡದ್ದು 1869ರ ಐದನೆಯ ಆವೃತ್ತಿಯಲ್ಲಿ. ‘ಅಸ್ತಿತ್ವದ ಹೋರಾಟ’ ಎಂಬ ಪದವನ್ನು ತಾನು ವಿಶಾಲವಾದ ರೂಪಕಾರ್ಥದಲ್ಲಿ ಬಳಸುತ್ತಿರುವುದಾಗಿಯೂ ಜೀವಿಗಳ ಪರಸ್ಪರ ಅವಲಂಬನೆಯೂ ಅದರಲ್ಲಿ ಅಡಕವೆಂದೂ ಅವನು ಅದೇ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸಿದ್ದಾನೆ. ರೂಪಕವನ್ನು ವಾಚ್ಯವಾಗಿ ಓದಿದ ದೋಷ ಓದುಗರದು.

ಆ ಅವಲಂಬನೆ ಎಷ್ಟು ಆಳವಾದುದೆಂಬುದನ್ನು ಇಪ್ಪತ್ತನೆಯ ಶತಮಾನದ ಜೀವವಿಜ್ಞಾನ ತೋರಿಸಿತು. ನಮ್ಮ ಜೀವಕೋಶಗಳಿಗೆ ಶಕ್ತಿಯೊದಗಿಸುವ ಮೈಟೋಕಾಂಡ್ರಿಯಗಳು ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಗಳ ಸಂತತಿಯೆಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು. ಅವುಗಳಿಗೆ ತಮ್ಮದೇ ಡಿಎನ್ಎ ಇರುವುದು ಈ ವಾದಕ್ಕೆ ಬಲ ನೀಡಿತು. ಇಂದು ಅದು ಸರ್ವಮಾನ್ಯ. ಇದರಿಂದ ನಿಸರ್ಗದ ಆಯ್ಕೆಯ ತತ್ತ್ವ ಬಿದ್ದುಹೋಗಲಿಲ್ಲ. ‘ಬಿಡಿ ಜೀವಿ’ ಎಂಬ ನಮ್ಮ ಕಲ್ಪನೆ ಸಡಿಲವಾಯಿತು.

ಇಷ್ಟನ್ನು ಕೇಳಿದೊಡನೆ ಜೈನ ವಿದ್ವಾಂಸರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಬರುವ ಜೀವಗಳ ಪರಸ್ಪರ ಉಪಗ್ರಹದ ಸೂತ್ರವನ್ನು ಮುಂದಿಟ್ಟು, ಪರಿಸರವಿಜ್ಞಾನ ನಮ್ಮಲ್ಲಿ ಮೊದಲೇ ಇತ್ತು ಎನ್ನುವುದುಂಟು. ನನಗೆ ಇದು ಒಪ್ಪಿಗೆಯಲ್ಲ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅದಕ್ಕೆ ಕೊಡುವ ನಿದರ್ಶನಗಳು ಒಡೆಯ–ಆಳು, ಆಚಾರ್ಯ–ಶಿಷ್ಯ ಸಂಬಂಧಗಳು. ಅಷ್ಟೇ ಅಲ್ಲ, ಹಿಂದಿನ ಸೂತ್ರದಲ್ಲಿ ಬಂದ ಸುಖ, ದುಃಖ, ಜೀವಿತ, ಮರಣಗಳನ್ನೂ ಅವರು ಈ ಉಪಗ್ರಹಕ್ಕೆ ಅನ್ವಯಿಸುತ್ತಾರೆ. ಅಂದರೆ ಉಪಗ್ರಹವೆಂಬುದು ಬರಿಯ ಸೌಹಾರ್ದವಲ್ಲ.

ಶ್ರಾವಕರಿಗೆ ನಿಷಿದ್ಧವಾದ ಪಂಚ ಉದುಂಬರಗಳಲ್ಲಿ ಒಂದಾದ ಅತ್ತಿಯನ್ನೇ ನೋಡಬಹುದು. ಒಳಹೊಕ್ಕ ಹೆಣ್ಣು ಕಣಜ ಪರಾಗವನ್ನು ತಲುಪಿಸುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆಯಿಡುತ್ತದೆ, ಸಾಮಾನ್ಯವಾಗಿ ಅಲ್ಲಿಯೇ ಸಾಯುತ್ತದೆ. ಅದರ ಮರಿಗಳು ಬೀಜವಾಗಬಹುದಾಗಿದ್ದ ಹೂಗಳಲ್ಲಿಯೇ ಬೆಳೆಯುತ್ತವೆ. ಕಣಜವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಕಣಜಕ್ಕೆ ಸಂತತಿಯಿಲ್ಲ. ಇದನ್ನು ಯುದ್ಧವೆನ್ನಲಾಗದು, ಸ್ನೇಹವೆನ್ನಲೂ ಆಗದು.

ಸ್ಪೆನ್ಸರನ ಕಾಲ ಯುದ್ಧದ ರೂಪಕವನ್ನು ನಿಸರ್ಗದ ಮೇಲೆ ಹೇರಿತು; ನಾವು ಮೈತ್ರಿಯ ರೂಪಕವನ್ನು ಹೇರಹೊರಟಿದ್ದೇವೆ. ಸೂತ್ರವನ್ನು ಅದರ ವ್ಯಾಖ್ಯಾನಪರಂಪರೆಯಲ್ಲಿಯೂ ವಿಜ್ಞಾನವನ್ನು ಅದರ ಪ್ರಮಾಣಗಳಲ್ಲಿಯೂ ಓದುವುದೇ ಎರಡಕ್ಕೂ ಸಲ್ಲಿಸಬೇಕಾದ ನ್ಯಾಯ.